ಸಲಹೆಯ ಸಂಬಳ

ನಮ್ಮ ತಂಗಿಯ ಮಗನು ಯಾವ ಉದ್ಯೋಗದಲ್ಲಿರುವನೆಂದು ಯಾರಾದರೂ ಕೇಳಿದರೆ ಎರಡು ವರ್ಷಗಳ ಹಿಂದೆ ನಮಗೆ ಉತ್ತರವೇ ತೋಚುತ್ತಿರಲಿಲ್ಲ. ವೈದ್ಯನೆಂದರೆ ಜನರಿಗೆ ತಿಳಿಯುತ್ತದೆ; ವಕೀಲನೆಂದರೂ ತಿಳಿಯುತ್ತದೆ; ಬೇಂಕಿನಲ್ಲಿರುವನೆಂದರೆ ಉಡುಪಿಯಲ್ಲಿ ಹೆಚ್ಚಿನ ವಿವರಣೆಯೇ ಬೇಡ, ಯಾವ ಶಾಖೆಯೆಂಬುದೊಂದೇ ಮುಂದಿನ ಪ್ರಶ್ನೆ. ಆದರೆ 23 ವಯಸ್ಸಿನ ಹುಡುಗನೊಬ್ಬನು ಬೆಂಗಳೂರಿನಲ್ಲಿ ಕುಳಿತು, ಮೂವತ್ತು ನಲವತ್ತು ವರ್ಷ ವ್ಯಾಪಾರ ಮಾಡಿ ತಲೆ ನರೆತವರಿಗೆ ವ್ಯಾಪಾರವನ್ನು ಹೇಗೆ ನಡೆಸಬೇಕೆಂದು ಹೇಳುತ್ತಾನೆ, ಹಾಗೆ ಹೇಳಿದುದಕ್ಕಾಗಿಯೇ ತಿಂಗಳು ತಿಂಗಳೂ ಸಂಬಳವನ್ನು ಪಡೆಯುತ್ತಾನೆ ಎಂದರೆ ನಂಬುವವರು ಯಾರು? ಆದಿ ಉಡುಪಿಯ ಸಂತೆಯಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ತೆಂಗಿನಕಾಯಿಯ ವ್ಯಾಪಾರಿಯೊಬ್ಬರು ಈ ಮಾತನ್ನು ಕೇಳಿ, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವುದನ್ನು ನಿಲ್ಲಿಸಿ, "ಹಾಗಾದರೆ ಅವನ ಸ್ವಂತ ಅಂಗಡಿ ಎಲ್ಲಿದೆ ಮಾಷ್ಟ್ರೇ?" ಎಂದರು. ಅಂಗಡಿಯಿಲ್ಲವೆಂದೆವು. ಅವರು ಮರುಮಾತಾಡದೆ ಮತ್ತೆ ಕಾಯಿಯನ್ನು ಅಲ್ಲಾಡಿಸತೊಡಗಿದರು.

ಈ ಉದ್ಯೋಗಕ್ಕೆ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎಂದು ಹೆಸರು. ಸಂಸ್ಕೃತಾಭ್ಯಾಸದ ಚಪಲದಿಂದ ನಾವು ಇದಕ್ಕೆ 'ನಿರ್ವಹಣ ಮಂತ್ರಾಲೋಚನೆ' ಎಂದು ನಾಮಕರಣವನ್ನು ಮಾಡಿದೆವು. ಹುಡುಗನು ನಕ್ಕು, "ಮಾವ, ಇದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ಜಾತಕ ತೋರಿಸಲು ಜನ ಬಂದಾರು" ಎಂದನು. ಆದುದರಿಂದ ಆ ಹೆಸರನ್ನು ಬಿಟ್ಟೆವು. ಈ ಪತ್ರಿಕೆಯನ್ನೋದುವ ಗೃಹಸ್ಥರ ಮನೆಗಳಲ್ಲಿಯೂ ಇಂತಹ ಮಕ್ಕಳು ಈಗ ಅಲ್ಲೊಬ್ಬ ಇಲ್ಲೊಬ್ಬರು ಇರಬಹುದು. ಅವರು ಬೆಳಗಾಗುವ ಮುನ್ನ ವಿಮಾನವನ್ನೇರಿ ಎಲ್ಲಿಗೆ ಹೋಗುತ್ತಾರೆ, ನಡುರಾತ್ರಿಯವರೆಗೆ ಏನನ್ನು ಬರೆಯುತ್ತಾರೆ ಎಂಬುದು ತಾಯಿತಂದೆಗಳಿಗೆ ತಿಳಿಯದೆ ಇರಬಹುದು. ನಮ್ಮ ಹುಡುಗನ ಮೊದಲ ವರ್ಷವನ್ನು ನಾವು ಹತ್ತಿರದಿಂದ ಕಂಡಷ್ಟನ್ನು ಬರೆದರೆ ಅಪ್ರಕೃತವಾಗಲಾರದೆಂದು ನಂಬಿದ್ದೇವೆ.

ನಮ್ಮ ಭಾವನವರು ಮುಂಬಯಿಯ ಹೋಟೆಲೊಂದರಲ್ಲಿ ಲೆಕ್ಕ ಬರೆಯುವವರು. ತಂಗಿಯೂ ಮಗನೂ ಆದಿ ಉಡುಪಿಯಲ್ಲಿ ನಮ್ಮೊಡನೆಯೇ ಇದ್ದುದರಿಂದ ಹುಡುಗನು ನಮ್ಮ ಚಾವಡಿಯಲ್ಲಿಯೇ ಬೆಳೆದನು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಮುಗಿಸಿ, ಅಲ್ಲಿಯ ಟಿ. ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟಿನಲ್ಲಿ ಮತ್ತೆರಡು ವರ್ಷ ಓದಿದನು. ಈ ವಿದ್ಯಾಸಂಸ್ಥೆಯು 1980ರಲ್ಲಿ ಹುಟ್ಟಿದುದು. ಇದನ್ನು ಕಟ್ಟಿದ ತೋನ್ಸೆ ಅನಂತ ಪೈಗಳು ಬೇಂಕಿನಲ್ಲಿ ಪಳಗಿ, 1965ರಲ್ಲಿ ಸ್ಥಾಪಿತವಾದ ಭಾರತೀಯ ಆಹಾರ ನಿಗಮದ ಪ್ರಥಮಾಧ್ಯಕ್ಷರಾಗಿ, ಅನಂತರ ಕೇಂದ್ರ ಸರಕಾರದಲ್ಲಿ ಮಂತ್ರಿಗಳೂ ಆದವರು. ನಮ್ಮ ಹಿರಿಯರ ಬಾಯಲ್ಲಿ ಮಣಿಪಾಲವೆಂದರೆ ಬೋಳು ಗುಡ್ಡ. ದನ ಮೇಯಿಸಲು ಹೋದವರ ಹೊರತು ಬೇರೆ ಯಾರಿಗೂ ಅಲ್ಲಿ ಕೆಲಸವಿರಲಿಲ್ಲವಂತೆ. ಅದೇ ಗುಡ್ಡದ ಮೇಲೆ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಎದ್ದುನಿಂತುವು.

ಹುಡುಗನ ಉದ್ಯೋಗದ ಮೂಲಪುರುಷರ ಕಥೆಯನ್ನು ಅವನ ಬಾಯಿಂದಲೇ ಕೇಳಿದೆವು. ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಶಾಸ್ತ್ರವನ್ನು ಬೋಧಿಸುತ್ತಿದ್ದ ಜೇಮ್ಸ್ ಮೆಕಿನ್ಸೆ ಎಂಬವರು 1926ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ತೆರೆದರಂತೆ. ಅದಕ್ಕೆ ಒಂದು ವರ್ಷ ಹಿಂದೆ, ಎಂದರೆ 1925ರಲ್ಲಿ, ನಮ್ಮ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರೂ ಕೂಡಿ 8000 ರೂಪಾಯಿಗಳ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಏಂಡ್ ಬೇಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದ್ದರು. ಮಗ್ಗದ ಕಸುಬು ಕೆಟ್ಟು ನೇಕಾರರು ಕಷ್ಟದಲ್ಲಿದ್ದ ಕಾಲವದು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ದಿನಕ್ಕೆ ಎರಡಾಣೆ ಉಳಿಸುವವನು ಬೇಂಕಿನ ಮೆಟ್ಟಲನ್ನೇರಲು ಹಿಂಜರಿಯುತ್ತಾನೆ, ಆದುದರಿಂದ ಬೇಂಕೇ ಅವನ ಮನೆಯ ಬಾಗಿಲಿಗೆ ಹೋಗಲಿ ಎಂಬುದು ಅದರ ಮರ್ಮ. ಆ ಬೇಂಕು ಮುಂದೆ ಸಿಂಡಿಕೇಟ್ ಬೇಂಕೆಂಬ ಹೆಸರಿನಿಂದ ದೇಶಪ್ರಸಿದ್ಧವಾಗಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರಲ್ಲಿ ಕೆನರಾ ಬೇಂಕಿನೊಳಗೆ ಲೀನವಾಯಿತು. "ಆ ಉಪಾಯಕ್ಕೆ ಸಲಹೆಗಾರರಿಗೆ ಎಷ್ಟು ಹಣ ತೆತ್ತಿದ್ದರು?" ಎಂದು ನಾವು ತುಸು ಚುಚ್ಚಿಯೇ ಕೇಳಿದೆವು. ಹುಡುಗನು, "ಅವರು ಊರಿನವರೇ ಆಗಿದ್ದರಲ್ಲ ಮಾವ, ಅವರಿಗೆ ಜನ ಗೊತ್ತಿತ್ತು. ಗೊತ್ತಿಲ್ಲದ ಊರಿಗೆ ಹೋಗಿ ಅಷ್ಟನ್ನು ಎಂಟು ವಾರದಲ್ಲಿ ತಿಳಿಯಬೇಕಾದವರು ನಾವು" ಎಂದನು. ಆ ಉತ್ತರವು ನಮಗೆ ಮೆಚ್ಚುಗೆಯಾಯಿತು. ಆದರೆ ಆಗಲೇ ಅದನ್ನು ತೋರಿಸಿಕೊಳ್ಳಲಿಲ್ಲ.

ಈ ಉದ್ಯೋಗಕ್ಕೆ ಆಯ್ಕೆಮಾಡುವ ವಿಧಾನವೇ ವಿಚಿತ್ರವಾದುದು. ಪುಸ್ತಕದಲ್ಲಿರುವುದನ್ನು ಕೇಳುವುದಿಲ್ಲ. ಯಾರಿಗೂ ಉತ್ತರ ಗೊತ್ತಿರದ ಪ್ರಶ್ನೆಯೊಂದನ್ನು ಮುಂದಿಟ್ಟು, ಇವನು ಅದನ್ನು ಹೇಗೆ ಬಿಡಿಸುತ್ತಾನೆಂಬುದನ್ನು ನೋಡುತ್ತಾರೆ. ಪರೀಕ್ಷೆಗೆ ಮುಂಚೆ ಎರಡು ತಿಂಗಳು ಪ್ರತಿ ರಾತ್ರಿಯೂ ನಮ್ಮ ಜಗಲಿಯಲ್ಲಿ ಇದರ ಅಭ್ಯಾಸವು ನಡೆಯಿತು. ಅತ್ತ ಕಡೆಯಿಂದ ಸಹಪಾಠಿಯು ಫೋನಿನಲ್ಲಿ ಕೇಳುವುದು, ಇತ್ತ ಇವನು ಕಾಗದದಲ್ಲಿ ಗೀಚಿ ಗೀಚಿ ಹೇಳುವುದು. ಒಂದು ರಾತ್ರಿಯ ಪ್ರಶ್ನೆಯು ಹೀಗಿತ್ತು: ಉಡುಪಿ ನಗರದಲ್ಲಿ ದಿನವೊಂದಕ್ಕೆ ಎಷ್ಟು ಮಸಾಲೆದೋಸೆಗಳು ಖರ್ಚಾಗುತ್ತವೆ? ಹುಡುಗನು ಊರವರೆಷ್ಟು, ಯಾತ್ರಿಕರೆಷ್ಟು, ವಿದ್ಯಾರ್ಥಿಗಳೆಷ್ಟು, ಅವರಲ್ಲಿ ಹೋಟೆಲಿನಲ್ಲಿ ತಿನ್ನುವವರೆಷ್ಟು ಎಂದು ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋದನು. ಅಡುಗೆಯ ಮನೆಯಲ್ಲಿ ಅಕ್ಕಿಯನ್ನು ನೆನೆಹಾಕುತ್ತಿದ್ದ ನಮ್ಮ ತಂಗಿಯು ಅಲ್ಲಿಂದಲೇ, "ಏಕಾದಶಿಯ ದಿನವೋ, ಬೇರೆ ದಿನವೋ?" ಎಂದು ಕೂಗಿದಳು. ಫೋನಿನ ಎರಡು ಕೊನೆಗಳಲ್ಲಿಯೂ ಮೌನವಾಯಿತು. ಮುಂದೆ ನಿಜವಾದ ಪರೀಕ್ಷೆಯಲ್ಲಿ ಅವನಿಗೆ, ದೊಡ್ಡ ನಗರವೊಂದರಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಮಾರಾಟವಾಗುತ್ತದೆಯೆಂಬ ಪ್ರಶ್ನೆಯು ಬಂದಿತಂತೆ. ಇವನು ಲೆಕ್ಕಕ್ಕೆ ಕೈಹಾಕುವ ಮೊದಲು, ಯಾವ ತಿಂಗಳಿನಲ್ಲಿ ಎಂದು ಕೇಳಿದನಂತೆ. ಪರೀಕ್ಷಕರು ಮುಗುಳ್ನಕ್ಕು ಏನನ್ನೋ ಬರೆದುಕೊಂಡರೆಂದು ಬಂದು ಹೇಳಿದನು. ಕೆಲಸವು ದೊರೆತ ಸುದ್ದಿಯು ಬಂದ ದಿನ ತಂಗಿಗೆ ಸೀರೆಯೊಂದು ಬಂದಿತು. ನಮಗೆ ಏನೂ ಬರಲಿಲ್ಲ.

ಮೊದಲ ತಿಂಗಳ ಸಂಬಳವು ನಮ್ಮ ಕೊನೆಯ ತಿಂಗಳ ಸಂಬಳಕ್ಕಿಂತ ಹೆಚ್ಚಾಗಿತ್ತೆಂಬುದನ್ನು ಹೇಳಿಬಿಡುವುದು ಪ್ರಾಮಾಣಿಕತೆ. ಮೂವತ್ತನಾಲ್ಕು ವರ್ಷ ಶಬ್ದರೂಪಗಳನ್ನು ಹೇಳಿಕೊಟ್ಟವರಿಗೆ ಇದು ಸ್ವಲ್ಪ ಚುರುಕೆನ್ನಿಸಿತು. ಎರಡು ದಿನಗಳಲ್ಲಿ ಅದು ಆರಿಹೋಯಿತು. ಏಕೆಂದರೆ ಆ ಸಂಬಳಕ್ಕಾಗಿ ಅವನು ತೆರುತ್ತಿದ್ದುದೇನೆಂಬುದು ಕಾಣತೊಡಗಿತು. ಸೋಮವಾರ ನಸುಕಿನಲ್ಲಿ ವಿಮಾನವನ್ನೇರಿ ಕಕ್ಷಿದಾರರ ಊರಿಗೆ ಹೋಗುವುದು. ಗುರುವಾರ ರಾತ್ರಿ ಹಿಂದಿರುಗುವುದು. ಶುಕ್ರವಾರ ಸ್ವಂತ ಕಚೇರಿ. ಊಟವು ಹೋಟೆಲಿನಲ್ಲಿ, ನಿದ್ರೆಯು ಉಳಿದರೆ ಉಂಟು. ನಡುರಾತ್ರಿ ಹನ್ನೆರಡಕ್ಕೆ ಮೇಲಿನವರು ತಿದ್ದಿ ಕಳುಹಿಸಿದ ಪುಟಗಳನ್ನು ಬೆಳಗ್ಗೆ ಎಂಟಕ್ಕೆ ಸರಿಪಡಿಸಿ ಒಪ್ಪಿಸಬೇಕು. ಇದಲ್ಲದೆ ಎರಡು ಮೂರು ವರ್ಷಗಳಲ್ಲಿ ಮೇಲಿನ ಮೆಟ್ಟಲನ್ನು ಏರಬೇಕು, ಇಲ್ಲವಾದರೆ ಬೇರೆ ದಾರಿಯನ್ನು ನೋಡಿಕೊಳ್ಳಬೇಕೆಂಬ ಅಲಿಖಿತ ನಿಯಮವೂ ಇಂತಹ ಸಂಸ್ಥೆಗಳಲ್ಲಿ ಉಂಟು. "ನಮ್ಮ ಪರ್ಯಾಯದ ಹಾಗೆಯೇ ಆಯಿತಲ್ಲ, ಎರಡು ವರ್ಷಕ್ಕೆ ಕೀಲಿಕೈ ಬೇರೆಯವರಿಗೆ!" ಎಂದಳು ತಂಗಿ.

ಕಕ್ಷಿದಾರರ ಹೆಸರನ್ನು ಹೆತ್ತ ತಾಯಿಗೂ ಹೇಳಕೂಡದೆಂಬ ಕರಾರು ಆಕೆಗೆ ಬಹಳ ದಿನ ಅಸಮಾಧಾನವನ್ನುಂಟುಮಾಡಿತು. ನಾವು ಆಗ ಅವಳಿಗೆ ಕೌಟಿಲ್ಯನ ಮಾತನ್ನು ಹೇಳಿ ಸಮಾಧಾನಪಡಿಸಿದೆವು. ಮಂತ್ರಾಲೋಚನೆಯ ಸ್ಥಳದಲ್ಲಿ ಹಕ್ಕಿಗಳು ಕೂಡ ಇರಬಾರದು, ಗಿಣಿ ಶಾರಿಕೆಗಳಿಂದ ಗುಟ್ಟು ಹೊರಬಿದ್ದುದುಂಟೆಂದು ಆ ಪ್ರಾಚೀನನು ಎಚ್ಚರಿಸಿದ್ದಾನೆ. ಈ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ನಮ್ಮ ನಾಡಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರಷ್ಟೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಅದರ ತಾಡವೋಲೆಯು ಬಂದಿತು. ಅವರು ಅದನ್ನು 1909ರಲ್ಲಿ ಅಚ್ಚುಹಾಕಿಸಿ, 1915ರಲ್ಲಿ ಇಂಗ್ಲೀಷಿಗೂ ಪರಿವರ್ತಿಸಿದರು. ಮಂತ್ರಕ್ಕೆ ಐದು ಅಂಗಗಳೆಂದು ಅದರಲ್ಲಿದೆ: ಕಾರ್ಯವನ್ನು ತೊಡಗುವ ಉಪಾಯ, ಜನ ಮತ್ತು ದ್ರವ್ಯಗಳ ಸಂಪತ್ತು, ದೇಶಕಾಲಗಳ ವಿಭಾಗ, ಕೆಡುಕು ಬಂದೊದಗಿದರೆ ಮಾಡತಕ್ಕ ಪ್ರತೀಕಾರ, ಕೊನೆಗೆ ಕಾರ್ಯಸಿದ್ಧಿ. ಈ ನಾಲ್ಕನೆಯ ಅಂಗದ ಮಾತು ಮುಂದೆ ಮತ್ತೊಮ್ಮೆ ಬರಲಿದೆ.

ಹುಡುಗನ ಕಷ್ಟಗಳಲ್ಲಿ ನಾವು ಸಹಾಯಮಾಡಬಲ್ಲೆವೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಫೋನು ಮಾಡಿ, ತಾನು ಬರೆದ ಪುಟವನ್ನು ಮೇಲಧಿಕಾರಿಣಿಯು ಏಳು ಸಲ ಹಿಂದಕ್ಕೆ ಕಳುಹಿಸಿದರೆಂದು ಅಳುವ ಸ್ವರದಲ್ಲಿ ಹೇಳಿದನು. ಏನು ತಪ್ಪೆಂದು ಕೇಳಿದೆವು. ನಿರ್ಣಯವನ್ನು ಕೊನೆಗೆ ಬರೆದಿದ್ದೇನಂತೆ, ಅದು ಪುಟದ ನೆತ್ತಿಯಲ್ಲಿಯೇ ಇರಬೇಕಂತೆ, ಕಾರಣಗಳು ಅದರ ಕೆಳಗಂತೆ ಎಂದನು. ನಮಗೆ ನಗುವು ಬಂದಿತು. ಇದು ನಮ್ಮ ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವಲ್ಲದೆ ಮತ್ತೇನು? ಮೊದಲು ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿಯಿದೆ. ಬಳಿಕ ಹೇತು: ಹೊಗೆಯಿರುವುದರಿಂದ. ಬಳಿಕ ಉದಾಹರಣವಾಗಿ ಅಡುಗೆಯ ಮನೆ. ಬಳಿಕ ಉಪನಯ, ನಿಗಮನಗಳು. ಕೇಳುವವನು ಅರಸನಾದರೂ ಶೆಟ್ಟಿಯಾದರೂ ಮೊದಲು ಬೆಂಕಿಯ ವಿಷಯವನ್ನು ತಿಳಿಯಬಯಸುತ್ತಾನೆ. ಹೊಗೆಯ ಬಣ್ಣವನ್ನು ವರ್ಣಿಸುತ್ತ ಕುಳಿತರೆ ಎದ್ದುಹೋಗುತ್ತಾನೆ. ಇನ್ನೊಂದು ತಪ್ಪು ಯಾವುದೆಂದರೆ, ಗಿರಾಕಿಗಳನ್ನು ಹೊಸಬರು, ದೊಡ್ಡವರು, ಉತ್ತರದವರು ಎಂದು ಮೂರು ಭಾಗ ಮಾಡಿದ್ದನು. ಉತ್ತರದ ಹೊಸಬನು ಯಾವ ಭಾಗಕ್ಕೆ ಸೇರಬೇಕು? ದಕ್ಷಿಣದ ಹಳೆಯ ಚಿಕ್ಕವನೆಲ್ಲಿ ಹೋಗಬೇಕು? ಗೋವಿಗೆ ಕೊಂಬುಳ್ಳದ್ದೆಂದು ಲಕ್ಷಣವನ್ನು ಹೇಳಿದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣದ್ದೆಂದರೆ ಬಿಳಿಯ ಗೋವು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಅವನ ಸಂಸ್ಥೆಯಲ್ಲಿ ಇದಕ್ಕೆ ನಾಲ್ಕಕ್ಷರದ ಇಂಗ್ಲೀಷು ಹೆಸರೊಂದಿದೆಯಂತೆ, ಮೀಸಿಯೆಂದು. ಹೆಸರು ಹೇಗಾದರೂ ಇರಲಿ, ಮುಂದಿನ ಪುಟವು ಎರಡೇ ಸಲ ಹಿಂದಕ್ಕೆ ಬಂದಿತು. ಪಾಠಶಾಲೆಯಲ್ಲಿ ನಮಗೆ ತರ್ಕಸಂಗ್ರಹವನ್ನು ಬೋಧಿಸಿದ ಗುರುಗಳು ಬದುಕಿದ್ದರೆ ಹೋಗಿ ನಮಸ್ಕರಿಸಿ ಬರುತ್ತಿದ್ದೆವು.

ಆ ವರ್ಷದ ಅಷ್ಟಮಿಗೆ ಹುಡುಗನು ಊರಿಗೆ ಬಂದನು. ವಿಟ್ಲಪಿಂಡಿಯ ದಿನ ಹುಲಿವೇಷದ ತಾಸೆಯ ಶಬ್ದವು ಕೇಳಿದರೆ ಮನೆಯಲ್ಲಿ ನಿಲ್ಲದಿದ್ದವನು ಈ ಸಲ ರಥಬೀದಿಗೆ ಹೋಗಲೊಲ್ಲೆನೆಂದನು. ತಂಗಿಯು ಮುಂದಿಟ್ಟ ಉಂಡೆ ಚಕ್ಕುಲಿಗಳು ಹಾಗೆಯೇ ಇದ್ದುವು. ರಾತ್ರಿ ಚಾವಡಿಯಲ್ಲಿ ನಾವಿಬ್ಬರೇ ಇದ್ದಾಗ ಅವನು ಹೆಸರುಗಳನ್ನೆಲ್ಲ ಬಿಟ್ಟು ವಿಷಯವನ್ನು ಹೇಳಿದನು.

ದೂರದ ಊರಿನ ಒಂದು ಹಳೆಯ ಕಾರ್ಖಾನೆ. ತಂದೆಯು ಕಟ್ಟಿದುದು, ಈಗ ಮಕ್ಕಳ ಆಡಳಿತ. ಖರ್ಚನ್ನು ಇಳಿಸುವ ದಾರಿಯನ್ನು ತೋರಿಸಬೇಕೆಂದು ಇವರನ್ನು ಕರೆಸಿದ್ದರು. ಅಲ್ಲಿಯ ಹಳೆಯ ವಿಭಾಗವೊಂದನ್ನು ಮುಚ್ಚಬಹುದೆಂಬುದು ಇವನ ಲೆಕ್ಕದಿಂದ ಹೊರಟ ನಿರ್ಣಯ. ಆ ವಿಭಾಗದಲ್ಲಿ 43 ಮಂದಿ. "ಮಾವ, ನನ್ನ ಪುಟದಲ್ಲಿ ಅವರು 43 ಜನವಲ್ಲ, ಒಂದು ನೀಲಿ ಪಟ್ಟಿ. ಆ ಪಟ್ಟಿ ಎಷ್ಟು ಗಿಡ್ಡವಾಯಿತು ಎಂಬುದೇ ನನ್ನ ಕೆಲಸ. ಚೆನ್ನಾಗಿ ಮಾಡಿದೆಯೆಂದು ಎಲ್ಲರೂ ಹೊಗಳಿದರು. ಹೊರಡುವ ದಿನ ಅಲ್ಲಿಯ ಮೇಸ್ತ್ರಿ, ತಲೆಯೆಲ್ಲ ನರೆತವರು, ನನ್ನನ್ನು ಕರೆದು ಚಹ ಕುಡಿಸಿ, ತಮ್ಮಾ ನಿನಗೆ ವಯಸ್ಸೆಷ್ಟು ಎಂದು ಕೇಳಿದರು. ಸಿಟ್ಟಿನಿಂದಲ್ಲ. ನಾನು ಇಪ್ಪತ್ತನಾಲ್ಕು ಎಂದೆ. ನನ್ನ ಸಣ್ಣ ಮಗನಿಗೂ ಅಷ್ಟೇ ಎಂದರು. ಅಷ್ಟೇ ಹೇಳಿದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಹದಿನೈದು ದಿನದಲ್ಲಿ ಕೊನೆಯ ವರದಿ ಕೊಡಬೇಕು. ನಾನು ಮಾಡಿದ್ದು ಸರಿಯೇ ಮಾವ?" ಎಂದನು.

ಬೇರೊಬ್ಬರಾಗಿದ್ದರೆ ಏನೆನ್ನುತ್ತಿದ್ದರೋ ತಿಳಿಯದು. ವಯಸ್ಸಿನ ವಿಷಯಕ್ಕೆ ನಮ್ಮಲ್ಲಿ ಉತ್ತರವಿತ್ತು. ಹುಡುಗನಾಡಿದನೆಂದು ಅರ್ಥವುಳ್ಳ ಮಾತನ್ನು ತಳ್ಳಬಾರದೆಂದು ಕೌಟಿಲ್ಯನೇ ಒಪ್ಪಿದ್ದಾನೆ. ಅಮೆರಿಕದ ಸಂಸ್ಥೆಗಳು ಕೂಡ ಮೊದಮೊದಲು ಅನುಭವಸ್ಥರನ್ನೇ ಇಟ್ಟುಕೊಳ್ಳುತ್ತಿದ್ದು, 1950ರ ದಶಕದಿಂದೀಚೆಗೆ ಕಾಲೇಜಿನಿಂದ ಹೊರಬಿದ್ದ ತರುಣರನ್ನು ತೆಗೆದುಕೊಳ್ಳತೊಡಗಿದುವು. ಆದರೆ ಅವನು ಕೇಳಿದುದು ವಯಸ್ಸಿನ ಪ್ರಶ್ನೆಯಾಗಿರಲಿಲ್ಲ. ಆದುದರಿಂದ ನಾವು ಇದುವರೆಗೆ ತಂಗಿಗೂ ಹೇಳದಿದ್ದ ಒಂದು ಸಂಗತಿಯನ್ನು ಆ ರಾತ್ರಿ ಅವನಿಗೆ ಹೇಳಿದೆವು.

ಇಪ್ಪತ್ತೈದು ವರ್ಷಗಳ ಹಿಂದೆ ನಾವು ಒಂದು ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯರಾಗಿದ್ದೆವು. ಸಮೀಪದ ಹೊಳೆಯ ನಡುವೆ ಒಂದು ಕುದ್ರು. ಅದರಲ್ಲಿ ಒಂದು ಚಿಕ್ಕ ಶಾಲೆ. ಮಕ್ಕಳು ಒಂಬತ್ತು, ಉಪಾಧ್ಯಾಯರು ಒಬ್ಬರು. ಈ ಶಾಲೆಯನ್ನು ದಡದ ಶಾಲೆಯೊಡನೆ ಸೇರಿಸಬಹುದೇ ಎಂದು ನಮ್ಮ ಅಭಿಪ್ರಾಯವನ್ನು ಕೇಳಿದರು. ನಾವು ಮಾಘಮಾಸದ ಒಂದು ಬೆಳಗ್ಗೆ ಅಲ್ಲಿಗೆ ಹೋದೆವು. ಹೊಳೆಯು ಕನ್ನಡಿಯಂತಿತ್ತು. ದೋಣಿಯಲ್ಲಿ ಎಂಟು ನಿಮಿಷದ ದಾರಿ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹತ್ತೊಂಬತ್ತರವರೆಗಿನ ಮಗ್ಗಿಯನ್ನು ಉಸಿರುಕಟ್ಟಿ ಒಪ್ಪಿಸಿದಳು, ಎಳನೀರನ್ನು ಕೊಟ್ಟರು. ಮನೆಗೆ ಬಂದು ಎರಡು ಹಾಳೆಯ ವರದಿಯನ್ನು ಬರೆದೆವು. ದೊಡ್ಡ ಶಾಲೆಯಲ್ಲಿ ಮಕ್ಕಳಿಗೆ ಹೆಚ್ಚು ಪ್ರಯೋಜನವೆಂದೂ, ಹಾದಿಯು ಸುಲಭವೆಂದೂ, ಸೇರಿಸುವುದು ಯುಕ್ತವೆಂದೂ ಬರೆದೆವು. ಅದರಲ್ಲಿದ್ದ ಅಂಕೆಗಳೆಲ್ಲವೂ ಸರಿಯಾಗಿದ್ದುವು. ನಮ್ಮ ಅಕ್ಷರವು ಅಂದವಾಗಿದೆಯೆಂದು ಕಚೇರಿಯಲ್ಲಿ ಹೊಗಳಿದುದೂ ನೆನಪಿದೆ.

ಆಟಿ ತಿಂಗಳಲ್ಲಿ ಆ ಹೊಳೆಯು ಹೇಗಿರುತ್ತದೆಂಬುದನ್ನು ನಾವು ಬರೆದಿರಲಿಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಅದು ತಿಳಿಯದ ವಿಷಯವೇ? ತಿಳಿದಿತ್ತು. ಆದರೆ ಕೇಳಿದ ಪ್ರಶ್ನೆಯಲ್ಲಿ ಅದು ಇರಲಿಲ್ಲ, ನಾವು ಹೋದ ದಿನ ಕಣ್ಣಿಗೂ ಬಿದ್ದಿರಲಿಲ್ಲ. ಮರುವರ್ಷ ಮಳೆಗಾಲದಲ್ಲಿ ದೋಣಿಯು ಒಮ್ಮೆ ವಾಲಿತು. ದೇವರ ದಯದಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಹುಡುಗರು ನೆಂಟರ ಮನೆಗಳಲ್ಲಿ ನಿಂತು ಓದಿದರು. ಮಗ್ಗಿಯನ್ನು ಒಪ್ಪಿಸಿದ ಹುಡುಗಿಯನ್ನು ಮಾತ್ರ ಅವಳ ತಾಯಿಯು ಮುಂದೆ ಕಳುಹಿಸಲಿಲ್ಲ.

ಮೂರು ವರ್ಷಗಳ ಹಿಂದೆ ನಮ್ಮ ಆದಿ ಉಡುಪಿಯ ಸಂತೆಯಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸೊಬ್ಬಳು, "ಮಾಷ್ಟ್ರೇ, ಗುರ್ತ ಸಿಗಲಿಲ್ಲವಾ?" ಎಂದು ಕರೆದಳು. ಅವಳೇ. ಕುದ್ರುವಿನ ಹೆಸರನ್ನು ಹೇಳಿ, ನಾವು ಅಂದು ಮಗ್ಗಿ ಕೇಳಿದುದನ್ನು ನೆನಪುಮಾಡಿ ನಕ್ಕಳು. ಅವಳ ಮಾತಿನಲ್ಲಿ ಆಕ್ಷೇಪಣೆಯ ಸೋಂಕೂ ಇರಲಿಲ್ಲ. ಆ ವರದಿಯನ್ನು ಬರೆದವರು ಯಾರೆಂದು ಅವಳಿಗೆ ತಿಳಿದೇ ಇಲ್ಲ. ನಾವು ನಿಂತಿದ್ದ ಹಾಗೆಯೇ ಮೂವರು ಗಿರಾಕಿಗಳ ಲೆಕ್ಕವನ್ನು ಕಾಗದವಿಲ್ಲದೆ ಒಮ್ಮೆಗೇ ಹೇಳಿ, ಚಿಲ್ಲರೆಯನ್ನೂ ಎಣಿಸಿಕೊಟ್ಟಳು. ನಮಗೆ ಒಂದು ಕಟ್ಟು ಬಸಳೆಯನ್ನು ಕೊಟ್ಟು, ಮಾಷ್ಟ್ರಿಂದ ದುಡ್ಡು ತೆಗೆದುಕೊಳ್ಳುವುದುಂಟೇ ಎಂದಳು. ಆ ಕಟ್ಟನ್ನು ಮನೆಯವರೆಗೆ ಹೊತ್ತು ತಂದಷ್ಟು ಕಷ್ಟವನ್ನು ನಾವು ಬೇರೆ ಯಾವ ಸಂತೆಯಲ್ಲಿಯೂ ಪಟ್ಟಿಲ್ಲ.

ಹುಡುಗನು ಕೇಳಿ ಮುಗಿಸಿ, "ಹಾಗಾದರೆ ವರದಿ ಬರೆಯಬಾರದಿತ್ತೇ?" ಎಂದನು. ಅದು ನಮಗೂ ಸುಲಭದ ಪ್ರಶ್ನೆಯಲ್ಲ. ಒಂಬತ್ತು ಮಕ್ಕಳಿಗೆ ನಾಲ್ಕು ತರಗತಿಗಳನ್ನು ಒಬ್ಬರೇ ಪಾಠಮಾಡುವುದು ಶಾಲೆಯೇ ಅಲ್ಲವೆಂದು ನಾವು ಇಂದಿಗೂ ನಂಬುತ್ತೇವೆ. ನಿರ್ಣಯವು ಅದೇ ಆಗುತ್ತಿತ್ತೋ ಏನೋ. ಆದರೆ ಮಳೆಗಾಲದ ನಾಲ್ಕು ತಿಂಗಳಿಗೆ ಏನು ಮಾಡಬೇಕೆಂಬ ಒಂದು ಸಾಲನ್ನು ಬರೆದಿದ್ದರೆ, ಅದನ್ನು ಯಾರಾದರೂ ಓದಬಹುದಾಗಿತ್ತು. ಬರೆಯದ ಸಾಲನ್ನು ಯಾರೂ ಓದಲಾರರು. ಕೌಟಿಲ್ಯನ ನಾಲ್ಕನೆಯ ಅಂಗವನ್ನು ಬಾಯಿಪಾಠ ಮಾಡಿದ್ದವರು ನಾವು!

ಆ ರಾತ್ರಿ ಮತ್ತೆ ಮಾತು ಬೆಳೆಯಲಿಲ್ಲ. ಮಲಗುವ ಮುನ್ನ ವಿಶ್ವೇಶ್ವರಯ್ಯನವರ ಸಂಗತಿಯೊಂದನ್ನು ಮಾತ್ರ ಹೇಳಿದೆವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ಹಾಳುಗೆಡವಿತು. ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತರಾಗಿದ್ದ ಅವರನ್ನು ನಿಜಾಮರು ಸಲಹೆಗಾಗಿ ಕರೆಸಿದರು. ಅವರು ನಗರದಲ್ಲಿ ಕುಳಿತು ಗೋಡೆಗಳನ್ನೆತ್ತರಿಸಿರೆಂದು ಹೇಳಿಹೋಗಲಿಲ್ಲ. ನದಿಯು ಮೇಲುಭಾಗದಲ್ಲಿ ಎಲ್ಲಿಂದ ಎಷ್ಟು ನೀರನ್ನು ಹೊತ್ತುತರುತ್ತದೆಂಬುದನ್ನು ಲೆಕ್ಕಹಾಕಿ, ನೀರನ್ನು ಮೇಲೆಯೇ ತಡೆದಿಡುವ ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಕಟ್ಟಿ ಮುಗಿದುವು. "ಅವರೂ ಕನ್ಸಲ್ಟಿಂಗಿನವರೇ" ಎಂದೆವು. "ಅವರಿಗೆ ಎಂಟು ವಾರದ ಗಡುವು ಇರಲಿಲ್ಲ ಮಾವ" ಎಂದನು ಹುಡುಗ. ಅವನು ನಮ್ಮೊಡನೆ ವಾದಿಸುವಷ್ಟು ಚೇತರಿಸಿಕೊಂಡುದು ನಮಗೆ ಸಂತೋಷವೇ ಆಯಿತು.

ಅವನು ಮರುದಿನ ರಾತ್ರಿಯ ಬಸ್ಸಿಗೆ ಹೊರಟನು. ಮುಂದೆ ನಡೆದುದನ್ನು ಫೋನಿನಲ್ಲಿ ಬಿಡಿಬಿಡಿಯಾಗಿ ತಿಳಿದೆವು. ಅಧಿಕಾರಿಣಿಯ ಅನುಮತಿಯನ್ನು ಪಡೆದು ಅವನು ಎರಡು ರಾತ್ರಿ ಆ ವಿಭಾಗದಲ್ಲಿ ಪಾಳಿಯವರೊಡನೆ ನಿಂತನು. ಹಗಲಲ್ಲಿ ಲೆಕ್ಕದ ಪುಸ್ತಕವನ್ನು ನೋಡಿದವನಿಗೆ ಕಾಣದಿದ್ದುದು ರಾತ್ರಿಯಲ್ಲಿ ಕಂಡಿತು. ಆ 43 ಮಂದಿಯಲ್ಲಿ 14 ಮಂದಿ, ಪಕ್ಕದ ಹೊಸ ವಿಭಾಗದ ಅಚ್ಚುಗಳು ಸವೆದಾಗ ಅವನ್ನು ತಿದ್ದಿಕೊಡುತ್ತಿದ್ದರು. ಪುಸ್ತಕದಲ್ಲಿ ಆ ಕೆಲಸಕ್ಕೆ ಹೆಸರೂ ಇಲ್ಲ, ಕಲಮೂ ಇಲ್ಲ. ಹಳೆಯ ವಿಭಾಗವನ್ನು ಮುಚ್ಚಿದ್ದರೆ ಮೂರು ತಿಂಗಳಲ್ಲಿ ಹೊಸದು ಕುಂಟುತ್ತಿತ್ತು. ಎಂದರೆ ಅವನ ನೀಲಿಪಟ್ಟಿಯಲ್ಲಿ ದಯೆಯ ಕೊರತೆಗಿಂತ ಮೊದಲು ಲೆಕ್ಕದ ಕೊರತೆಯೇ ಇದ್ದಿತು. ಇದನ್ನು ಹೇಳಲು ಹೋದಾಗ ಅಧಿಕಾರಿಣಿಯು, ಇದನ್ನು ಮೊದಲೇ ಏಕೆ ನೋಡಲಿಲ್ಲವೆಂದು ಚೆನ್ನಾಗಿ ಬೈದು, ಆ ರಾತ್ರಿಯೇ ತಾನೂ ಕುಳಿತು ಪುಟಗಳನ್ನೆಲ್ಲ ತಿದ್ದಿಸಿದರಂತೆ. ಆಕೆಯ ವಿಷಯದಲ್ಲಿ ನಮಗಿದ್ದ ಅಭಿಪ್ರಾಯವು ಅಂದಿನಿಂದ ಬದಲಾಯಿತು.

ಉಳಿದ 29 ಮಂದಿಯ ಸಂಗತಿಯು ಅಷ್ಟು ಸುಲಭವಾಗಿರಲಿಲ್ಲ. ಅವರನ್ನು ಹೊಸ ಕೆಲಸಕ್ಕೆ ತರಬೇತುಗೊಳಿಸಲು ಎಷ್ಟು ಕಾಲ ಬೇಕು, ಎಷ್ಟು ಖರ್ಚು, ನಿವೃತ್ತಿಗೆ ಹತ್ತಿರವಿರುವವರೆಷ್ಟು ಮಂದಿ ಎಂಬ ಒಂದು ಪುಟವನ್ನು ಹುಡುಗನು ಸ್ವಂತ ಮನಸ್ಸಿನಿಂದ ಬರೆದನು. ಅದನ್ನು ವರದಿಯ ನಡುವೆ ಇಡಲಿಲ್ಲ. ಅನುಬಂಧದಲ್ಲಿ, ಕೊನೆಯಿಂದ ಎರಡನೆಯ ಪುಟವಾಗಿ ಇಟ್ಟರು. ಯಜಮಾನರು ಓದಿದರೇ, ಅದರಂತೆ ನಡೆದರೇ ಎಂದು ಅವನಿಗೆ ತಿಳಿಯದು. ವರದಿಯನ್ನು ಒಪ್ಪಿಸಿದ ಮರುವಾರವೇ ಅವನನ್ನು ಬೇರೊಂದು ರಾಜ್ಯದ ಆಸ್ಪತ್ರೆಯ ಲೆಕ್ಕಕ್ಕೆ ಕಳುಹಿಸಿದರು. ಈ ಉದ್ಯೋಗದ ಬಹುದೊಡ್ಡ ಕೊರತೆಯು ನಮ್ಮ ದೃಷ್ಟಿಯಲ್ಲಿ ಇದೇ. ಉಪಾಧ್ಯಾಯನಾದವನು ಒಂದೇ ಊರಿನಲ್ಲಿ ಮುದುಕನಾಗುತ್ತಾನೆ. ಅವನು ಮಾಡಿದ ಒಳ್ಳೆಯದೂ ಕೆಟ್ಟದೂ ಬುಟ್ಟಿಯನ್ನು ಹೊತ್ತು ಅವನ ಎದುರಿಗೇ ಸಂತೆಗೆ ಬರುತ್ತದೆ. ಇವರು ಬೀಜವನ್ನು ಬಿತ್ತಿದ ಊರಿಗೆ ಕೊಯ್ಲಿನ ಕಾಲದಲ್ಲಿ ಹೋಗುವುದೇ ಇಲ್ಲ.

ಈಗ ಅವನಿಗೆ ಎರಡು ವರ್ಷಗಳು ತುಂಬಿದುವು. ಮೇಲಿನ ಮೆಟ್ಟಲು ದೊರೆತಿದೆ. ಏರಬೇಕೇ ಬೇಡವೇ ಎಂದು ಯೋಚಿಸುತ್ತಿದ್ದಾನೆ. ತಂಗಿಯು ಬೇಡವೆನ್ನುತ್ತಾಳೆ, ಭಾವನವರು ಮುಂಬಯಿಯಿಂದ ಬೇಕೆನ್ನುತ್ತಾರೆ. ನಮ್ಮನ್ನು ಕೇಳಿದುದಕ್ಕೆ, ಸಲಹೆಗೆ ಸಂಬಳ ಪಡೆಯುವವನು ಬಿಟ್ಟಿ ಸಲಹೆಯನ್ನು ಕೇಳಬಾರದೆಂದು ತಪ್ಪಿಸಿಕೊಂಡೆವು.

ಕಳೆದ ತಿಂಗಳು ರಜೆಯಲ್ಲಿ ಬಂದಾಗ ಅವನು ತಾನಾಗಿಯೇ, "ಆ ಹೆಂಗಸು ಈಗಲೂ ಸಂತೆಗೆ ಬರುತ್ತಾಳೆಯೇ ಮಾವ?" ಎಂದು ಕೇಳಿ ನಮ್ಮೊಡನೆ ಹೊರಟನು. ಅವಳು ಎಂದಿನ ಸ್ಥಳದಲ್ಲಿಯೇ ಇದ್ದಳು. ಅಳಿಯನೆಂದು ಪರಿಚಯ ಹೇಳಿದೆವು. ಏನು ಕೆಲಸವೆಂದು ಅವಳು ಕೇಳಲಿಲ್ಲ. ಹುಡುಗನು ಬಸಳೆ, ಹರಿವೆ, ಅಲಸಂಡೆ ಎಂದು ಒಂದೊಂದನ್ನೂ ತೂಗಿಸಿ, ಫೋನನ್ನು ಹೊರತೆಗೆದು ಕೂಡಿಸುವ ಮೊದಲೇ ಅವಳು ಮೊತ್ತವನ್ನು ಹೇಳಿಬಿಟ್ಟಳು. ಇವನ ಫೋನೂ ಅದನ್ನೇ ಹೇಳಿತು. ಈ ಸಲ ದುಡ್ಡನ್ನು ತೆಗೆದುಕೊಳ್ಳಲೇಬೇಕೆಂದು ಅವನು ಹಟಹಿಡಿದು ಕೊಟ್ಟನು. ಅವಳು ಚಿಲ್ಲರೆಯ ಬದಲಿಗೆ ಮತ್ತೆರಡು ಕಟ್ಟು ಬಸಳೆಯನ್ನು ಚೀಲಕ್ಕೆ ತುರುಕಿದಳು. ದಾರಿಯುದ್ದಕ್ಕೂ ಅವನು ಮಾತನಾಡಲಿಲ್ಲ. ಚೀಲವನ್ನು ನಮ್ಮ ಕೈಗೆ ಕೊಡಲೂ ಇಲ್ಲ.

ಮನೆಯಲ್ಲಿ ತಂಗಿಯು ಚೀಲವನ್ನು ಸುರಿದು, "ಇಷ್ಟು ಬಸಳೆಯನ್ನು ಮೂವರು ತಿಂದು ಮುಗಿಸುವುದು ಹೇಗೆ ಎಂದು ಯಾರೂ ಲೆಕ್ಕ ಹಾಕಲಿಲ್ಲವೇ?" ಎಂದಳು. ಮೂರು ದಿನ ನಮಗೆ ಬಸಳೆಯ ಕೊದ್ದೆಲೇ ಆಯಿತು.